ಗೌಡರ ಗಿಡ್ಡ ಗೇರು

ಸಣ್ಣಸ್ವಾಮಿಗೌಡರು ಯಾವ ಕೆಲಸಕ್ಕೂ ನಿಜವಾದ ಕಾರಣ ಹೇಳಿದವರಲ್ಲ. ಸುಳ್ಳುಗಾರರು ಎಂದು ಅರ್ಥವಲ್ಲ. ನಿಜವಾದ ಕಾರಣ ತಮ್ಮ ಅಂತಸ್ತಿಗೆ ಸಾಲದು ಎಂದು ಕಂಡಾಗ ಅದಕ್ಕಿಂತ ಭಾರಿಯಾದ ಇನ್ನೊಂದನ್ನು ನಿಂತ ನಿಲುವಿನಲ್ಲೇ ತಯಾರಿಸಿ ಕೊಡುತ್ತಿದ್ದರು, ಅಷ್ಟೆ. ನಾನು ಹುಣಸೂರಿನ ಅಂಚೆ ಕಚೇರಿಗೆ ಗುಮಾಸ್ತನಾಗಿ ಬಂದ ಹೊಸದರಲ್ಲಿ ಹೋಟೆಲಿನ ಸಾರು ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡು ಮನಿಯಾರ್ಡರ್ ಕಿಟಕಿಯ ಹಿಂದೆ ಬೆವರುತ್ತ ಕೂತಿರುವುದನ್ನು ಗೌಡರು ನೋಡಿದರು. ಮರುದಿನವೇ ತಮ್ಮ ಮನೆಯ ಜಗುಲಿ ಕೋಣೆಯನ್ನು ಬಾಡಿಗೆಗೆ ಕೊಟ್ಟು, ಊಟವನ್ನೂ ಮನೆಯಲ್ಲೇ ಗೊತ್ತು ಮಾಡಿದರು. ಹುಡುಗನನ್ನು ನೋಡಿ ಪಾಪ ಅನ್ನಿಸಿತು ಎಂದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಬೀದಿಯವರಿಗೆ ಅವರು ಕೊಟ್ಟ ಕಾರಣ, ಸರ್ಕಾರದ ಮೊಹರು ಒತ್ತುವ ಕೈ ಮನೆಯಲ್ಲಿದ್ದರೆ ಕಳ್ಳರು ಹತ್ತಿರ ಸುಳಿಯುವುದಿಲ್ಲ ಎಂಬುದು. ಕಳ್ಳರಿಗೂ ಮೊಹರಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರ ಕಾಯಂ ಉತ್ತರ ಬರುತ್ತಿತ್ತು: "ಅದ್ರ ಮರ್ಮ ನಿಮ್ಗೆ ತಿಳಿಯಾಕಿಲ್ಲ ಬುಡ್ರಿ."

ಗೌಡರಿಗೆ ಗಾವಡಗೆರೆ ಕಡೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ನು, ಕೆ.ಆರ್. ನಗರದ ಕಾಲುವೆ ಕೆಳಗೆ ಒಂದಿಷ್ಟು ಗದ್ದೆ ಇದ್ದವು. ಆಳು ಬಾಗಿಲು ತುಂಬುವಷ್ಟು ದೊಡ್ಡವರು. ಅಂಥವರು ಒಂದು ದಿನ ಎರಡೇ ಬಾಗಿಲಿನ ಹಳೆಯ ಪುಟ್ಟ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಅದರೊಳಗೆ ಕೂತರೆ ಗೌಡರು ಕಾರು ಹತ್ತಿದ ಹಾಗಲ್ಲ, ಕಾರನ್ನು ತೊಟ್ಟುಕೊಂಡ ಹಾಗೆ ಕಾಣುತ್ತಿತ್ತು. ಕೊಂಡದ್ದಕ್ಕೆ ಕಾರಣ ಕೇಳಿದವರಿಗೆ, ಎತ್ತುಗಳಿಗೆ ವಯಸ್ಸಾಯಿತು, ಅವಕ್ಕೂ ಪೆನ್ಶನ್ ಬೇಡವೇ ಎಂದರು. ಎತ್ತುಗಳು ಕೊಟ್ಟಿಗೆಯಲ್ಲಿ ಗೂಳಿಗಳ ಹಾಗೆ ಕೊಬ್ಬಿ ನಿಂತಿದ್ದವು.

ನಿಜವಾದ ಕಾರಣ ಅಡಿಗೆ ಮನೆಯಲ್ಲಿತ್ತು. ಗೌಡರ ಹೆಂಡತಿ ದೇವೀರಮ್ಮನವರ ಬಲ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆಳುಗಳು ಬರಲಿಲ್ಲವೆಂದು ಗೌಡರು ಹೆಂಡತಿಯನ್ನೇ ಬ್ಯಾರನ್ನಿನ ಏಣಿ ಹತ್ತಿಸಿದ್ದರಂತೆ, ಸೊಪ್ಪು ಕಟ್ಟಿದ ಕೋಲುಗಳನ್ನು ಮೇಲಕ್ಕೆ ಕೊಡಲು. ಏಣಿ ಜಾರಿತು. ಅಂದಿನಿಂದ ಆ ಕಾಲು ನೀಡಿಕೊಂಡೇ ಇರಬೇಕು, ಒಂಚೂರು ಏನಾದರೂ ತಗುಲಿದರೆ ಜೀವ ಹೋಗಿ ಬರುತ್ತದೆ. ತಪ್ಪಾಯಿತು ಎಂಬ ಮಾತು ಗೌಡರ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಏಣಿ ಮಾಡಿದ ಬಡಗಿಯನ್ನು ಮಾತ್ರ ಇಪ್ಪತ್ತು ವರ್ಷ ಬೈದರು. ದೇವೀರಮ್ಮನವರ ತವರು ಕೋಟೆ ಊರಿನಿಂದಾಚೆ ಕಾಡಂಚಿನ ಹಳ್ಳಿ. ಅಲ್ಲಿ ಅವರ ತಾಯಿ ನೆಲ ಹಿಡಿದು ಮಲಗಿದ್ದರು. ಗಾಡಿಯ ಕುಲುಕಾಟ ಮಂಡಿಗಾಗದು, ಬಸ್ಸಿನ ನೂಕುನುಗ್ಗಲಲ್ಲಿ ಕಾಲು ನೀಡಲು ಜಾಗವಿಲ್ಲ. ತಾಯಿಯ ಮುಖ ನೋಡಿ ವರ್ಷಗಳೇ ಆಗಿದ್ದವು. ದೇವೀರಮ್ಮ ಆ ಮಾತು ಎತ್ತುತ್ತಿರಲಿಲ್ಲ. ಎತ್ತಿದ್ದರೆ ಗೌಡರಿಗೆ ಸಲೀಸಾಗುತ್ತಿತ್ತು, ಬೈದು ಮುಗಿಸುತ್ತಿದ್ದರು.

ಕಾರು ಬಂತು, ಸರಿ. ಆದರೆ ಹೆಂಗಸರು ಹಿಂದೆ, ಗಂಡಸರು ಮುಂದೆ ಎಂಬುದು ಆಗ ನಮ್ಮ ಕಡೆ ಬರೆಯದ ಕಾನೂನು. ದೇವೀರಮ್ಮನವರನ್ನು ಹಿಂದಿನ ಸೀಟಿನಲ್ಲಿ ಅಡ್ಡಡ್ಡವಾಗಿ ಕಾಲು ನೀಡಿಸಿ ಕೂರಿಸಿದರು. ಮುಂದೆ ಗೌಡರ ಪಕ್ಕದ ಸೀಟಿನಲ್ಲಿ ಘನತೆಗೆಂದು ನಾನು. ಕಬಿನಿ ಅಣೆಕಟ್ಟಿನ ಲಾರಿಗಳು ಓಡಾಡಿ ಕೋಟೆ ರಸ್ತೆ ರಾಗಿ ಕಣದ ಹಾಗೆ ಧೂಳೆದ್ದಿತ್ತು. ಊರು ಬಿಟ್ಟು ಹರದಾರಿ ಹೋಗುವಷ್ಟರಲ್ಲಿ ದೇವೀರಮ್ಮನವರಿಗೆ ವಾಂತಿ ಶುರುವಾಯಿತು. ನಿಂಬೆಹಣ್ಣು ಮೂಸಿದರೂ ನಿಲ್ಲಲಿಲ್ಲ. ಅರ್ಧ ದಾರಿಯಿಂದ ವಾಪಸು ಬಂದೆವು. ಗೌಡರು ಕಾನೂನು ಮುರಿದು ಮುಂದಿನ ವಾರ ಅವರನ್ನು ಮುಂದೆಯೇ ಕೂರಿಸಿದರು. ವಾಂತಿ ಬರಲಿಲ್ಲ, ಗೇರ್ ರಾಡು ಬಂತು. ಆ ಕಾರಿನ ರಾಡು ಕಬ್ಬಿನ ಜಲ್ಲೆಯಷ್ಟು ಉದ್ದ. ಎರಡನೇ ಗೇರಿಗೆ ಎಳೆದಾಗ ಹಿಂದಕ್ಕೂ ಎಡಕ್ಕೂ ಬಂದು ಪಕ್ಕದವರ ಮಂಡಿಗೆ ನೇರ ಬಡಿಯುತ್ತಿತ್ತು. ನನ್ನ ಮಂಡಿಗೂ ಎಷ್ಟೋ ಸಲ ಬಡಿದಿತ್ತು, ಗೌಡರು ಅದನ್ನು ಗಮನಿಸಿರಲೇ ಇಲ್ಲ. ದೇವೀರಮ್ಮನವರು ಸೆರಗು ಬಾಯಿಗೆ ತುರುಕಿಕೊಂಡು ಕೂತರು. ಈ ಸಲವೂ ಅರ್ಧ ದಾರಿಯಿಂದ ತಿರುಗಿ ಮನೆಗೆ ಬಂದು ಇಳಿದ ಮೇಲೆ, ಕಾರೇನೋ ಚೆನ್ನಾಗಿದೆ, ನನಗೆ ಒಗ್ಗುವುದಿಲ್ಲ, ನೀವು ಓಡಾಡಿಕೊಳ್ಳಿ ಎಂದರು. ಅಷ್ಟೇ ಅಂದದ್ದು. ಗೌಡರು ಅವತ್ತು ಮುದ್ದೆ ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲವೆಂದರು, ಅವರು ಕೊಟ್ಟ ಕಾರಣಗಳಲ್ಲೆಲ್ಲ ಬಹಳ ಸಣ್ಣದು.

ಅದಾದ ಸ್ವಲ್ಪ ದಿನಕ್ಕೆ ಪಿರಿಯಾಪಟ್ಟಣದಿಂದ ಬರುತ್ತ ಕಂಪಲಾಪುರದಲ್ಲಿ ಕಾಫಿಗೆ ನಿಂತಿದ್ದೆವು. ಕೊಡಗಿನ ತೋಟದ ಸಾಹುಕಾರರೊಬ್ಬರ ಕಾರು ಹೋಟೆಲಿನ ಮುಂದೆ ನಿಂತಿತ್ತು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಆರಾಮವಾಗಿ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದರು. ಮಧ್ಯದಲ್ಲಿ ಗೇರ್ ರಾಡು ಒಂದು ಗೇಣೂ ಇಲ್ಲ. ಗೌಡರು ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಕಿಟಕಿಯೊಳಗೆ ಬಗ್ಗಿ, ಆ ರಾಡಿಗೂ ಆಕೆಯ ಮಂಡಿಗೂ ನಡುವೆ ಇದ್ದ ಜಾಗವನ್ನು ನೋಡಿಯೇ ನೋಡಿದರು. ಪರಸ್ತ್ರೀಯ ಮಂಡಿಯನ್ನು ಹಾಡಹಗಲೇ ಇಷ್ಟು ನಿಷ್ಠೆಯಿಂದ ನೋಡಿದ ಇನ್ನೊಬ್ಬ ಗೃಹಸ್ಥನನ್ನು ನಾನು ಕಂಡಿಲ್ಲ. ಸಾಹುಕಾರರು ಹಿಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. ನಾನು ಓಡಿಹೋಗಬಹುದಾದ ದಿಕ್ಕು ಹುಡುಕುತ್ತಿದ್ದೆ. ಗೌಡರು ನಿಧಾನವಾಗಿ ನೆಟ್ಟಗಾಗಿ, "ಗೇರು ಗಿಡ್ಡಕದೆ. ಸ್ಪೀಡು ಎಂಗೆ?" ಎಂದರು.

ಸಾಹುಕಾರರ ಮುಖ ಸಡಿಲವಾಯಿತು. ಘಾಟಿಯ ತಿರುವುಗಳಲ್ಲಿ ಬೇಗ ಬೇಗ ಗೇರು ಬದಲಾಯಿಸಲು ಬೇರೆಯಾಗಿ ಹಾಕಿಸಿಕೊಂಡದ್ದೆಂದು ಸಂತೋಷವಾಗಿ ವಿವರಿಸಿದರು. ಗೌಡರಿಗೆ ಬೇಕಾಗಿದ್ದ ಭಾರಿ ಕಾರಣ ಸಿಕ್ಕಿಬಿಟ್ಟಿತು. ಹುಣಸೂರು ಮುಟ್ಟುವ ಮುಂಚೆಯೇ ಅದು ಅವರ ಸ್ವಂತದ್ದಾಗಿತ್ತು. "ಪಿಕಪ್ಪು ಸಾಲ್ದು ಪೋಸ್ಟ್ನೋರೇ. ಗಿಡ್ಡ ಗೇರು ಆಗ್ಬೇಕು." ಹೊಗೆಸೊಪ್ಪಿನ ಮೂಟೆಯ ಗಾಡಿಗಿಂತ ಜೋರಾಗಿ ಯಾವತ್ತೂ ಓಡಿಸದ ಮನುಷ್ಯನಿಗೆ ಪಿಕಪ್ಪು ಯಾತಕ್ಕೆ ಎಂದು ಬೀದಿಯವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ ಮುಂದಿನ ಭಾಗವೆಲ್ಲ ನನ್ನ ಮಂಡಿಯ ಮೇಲೇ ನಡೆಯಿತು.

ಮೈಸೂರಿನಲ್ಲಿ ಮೋಟಾರು ಸಾಮಾನಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ನನ್ನನ್ನು ಎಡಗಡೆ ಸೀಟಿನಲ್ಲಿ ಕೂರಿಸಿದರು. ಬಲಗಾಲು ನೀಡಿ, ಮಂಡಿ ಮಡಚದೆ, ಒಂಚೂರು ಮಧ್ಯಕ್ಕೆ ವಾಲಿಸಿಕೊಂಡು ಕೂರಬೇಕು. ನಾನು ಮಡಚಿದರೆ ಬೈಗುಳ. ಅಂಗಡಿಯಾತ ಮೂರು ಬಗೆಯ ರಾಡು ತಂದ. ಒಂದು ಫಳಫಳ ಹೊಳೆಯುವುದು, ಮೇಲೆ ಗಾಜಿನ ಗುಂಡು, ಗುಂಡಿನೊಳಗೆ ಕೆಂಪು ಗುಲಾಬಿ. ಇನ್ನೊಂದು ಮಿಲಿಟರಿ ಜೀಪಿನಿಂದ ಕಳಚಿದ್ದು, ಸೊಂಟ ಮುರಿದ ಹಾಗೆ ಬಾಗಿತ್ತು. ಮೂರನೆಯದು ಎಣ್ಣೆ ಕಾಗದದಲ್ಲಿ ಸುತ್ತಿದ ವಿಲಾಯಿತಿ ಮಾಲು. ಅಂಗಡಿಯಾತ ಹೊಳಪಿನ ಬಗ್ಗೆ, ವಿಲಾಯಿತಿಯ ಬಗ್ಗೆ ಹೇಳಿದ್ದು ಗೌಡರ ಕಿವಿಗೆ ಬೀಳಲೇ ಇಲ್ಲ. ಒಂದೊಂದನ್ನೂ ಹಳೆಯ ರಾಡಿನ ಪಕ್ಕಕ್ಕೆ ಹಿಡಿದು, ಹಿಂದಕ್ಕೆ ವಾಲಿಸಿ, ನನ್ನ ಮಂಡಿಗೆ ತಗುಲುತ್ತದೋ ಇಲ್ಲವೋ ನೋಡುವುದು. ತಗುಲಿದರೆ ರಾಡನ್ನು ಬಿಟ್ಟು ನನ್ನನ್ನು ಬೈಯುವುದು. ಇವರ ಕಾಲಿಗೆ ಏನಾಗಿದೆ ಎಂದು ಅಂಗಡಿಯಾತ ಮರುಕದಿಂದ ಕೇಳಿದ. ಸರ್ಕಾರಿ ನೌಕರರು ಎಂದರು ಗೌಡರು. ಅವನಿಗೆ ಅಷ್ಟರಲ್ಲೇ ಅರ್ಥವಾಯಿತು ಅನ್ನಿಸುತ್ತದೆ, ಮತ್ತೆ ಕೇಳಲಿಲ್ಲ.

ಮೂರೂ ಆಗಲಿಲ್ಲ. ಹೊಳೆಯುವುದು ಉದ್ದ, ಜೀಪಿನದು ಬಾಗಿದ್ದು ನನ್ನ ಕಡೆಗೇ, ವಿಲಾಯಿತಿಯದರ ಬುಡ ನಮ್ಮ ಕಾರಿಗೆ ಕೂರದು. ಗೌಡರು ಗುಲಾಬಿಯ ಗುಂಡನ್ನು ಮಾತ್ರ ಬಿಚ್ಚಿಸಿ ಕೊಂಡರು. ಕೈಗೆ ತಂಪು ಎಂಬುದು ಕಾರಣ. ಮನೆಯ ಹಿತ್ತಲಲ್ಲಿ ದೇವೀರಮ್ಮನವರು ಬೆಳೆಸುತ್ತಿದ್ದದ್ದೂ ಕೆಂಪು ಗುಲಾಬಿಯೇ ಎಂಬುದನ್ನು ನಾನು ಹೇಳಹೋಗಲಿಲ್ಲ. ಹೇಳಿದ್ದರೆ ಬಸ್ಸಿನಲ್ಲಿ ವಾಪಸು ಬರಬೇಕಾಗುತ್ತಿತ್ತು.

ಕೊನೆಗೆ ಗಾವಡಗೆರೆಯ ಕಾಳಾಚಾರಿಯ ಕುಲುಮೆಗೆ ಹೋದೆವು. ಕಾಳಾಚಾರಿ ನೇಗಿಲ ಗುಳ, ಗಾಡಿಯ ಪಟ್ಟಿ, ಮಚ್ಚು ಮಾಡುವವನು. ಕಾರನ್ನು ಅದುವರೆಗೆ ದೂರದಿಂದ ಧೂಳಿನ ರೂಪದಲ್ಲಿ ನೋಡಿದ್ದ. ಗೌಡರು ಹೇಳಿದ ಹಾಗೆ ರಾಡನ್ನು ಅರ್ಧಕ್ಕೆ ಕೊಯ್ದು, ತುದಿಗೆ ಗುಲಾಬಿ ಕೂರಿಸಿದ. ಗಿಡ್ಡವೇನೋ ಆಯಿತು, ಆದರೆ ಗೇರೇ ಬೀಳದು. ಗೌಡರು ಎರಡೂ ಕೈಯಿಂದ ಅದುಮಿದರು, ಹಲ್ಲು ಕಚ್ಚಿದರು, ಗೇರಿನ ವಂಶವನ್ನು ಬೈದರು. ಕಾಳಾಚಾರಿ ಬೀಡಿ ಹಚ್ಚಿಕೊಂಡು ಕೂತ. ಗೌಡರು ಸೋತು ಎಲೆಅಡಿಕೆ ಚೀಲ ಬಿಚ್ಚಿ, ಒಂದು ಗೋಟಡಿಕೆಯನ್ನು ಅಡಕತ್ತರಿಗೆ ಇಟ್ಟು ಕಟಕ್ಕನೆ ಎರಡು ಮಾಡಿದವರು ಹಾಗೇ ಅದನ್ನು ದಿಟ್ಟಿಸಿದರು. ಬೆರಳುದ್ದದ ಹಿಡಿ, ಕಲ್ಲಿನಂಥ ಅಡಿಕೆ ಬೆಣ್ಣೆಯ ಹಾಗೆ ಕುಯ್ಯುತ್ತದಲ್ಲ! ರಾಡನ್ನೂ ಅಡಕತ್ತರಿಯ ಹಾಗೇ ಮಾಡು ಎಂದು ಆಜ್ಞೆಯಾಯಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಕಾರಿನ ಗೇರ್ ರಾಡು ಮೊದಲು ಏತದ ಹಾಗಿತ್ತು: ಕೀಲು ನಡುವೆ, ಮೇಲಿನ ತುದಿಯನ್ನು ಮುಂದಕ್ಕೆ ತಳ್ಳಿದರೆ ಕೆಳಗಿನ ತುದಿ ಹಿಂದಕ್ಕೆ ಹೋಗುತ್ತದೆ. ಅಡಕತ್ತರಿಯ ಕೀಲು ತುದಿಯಲ್ಲಿ. ಹಿಡಿ ಎತ್ತ ಹೋಯಿತೋ ಅಲಗೂ ಅತ್ತಲೇ. ಕಾಳಾಚಾರಿ ಕೀಲನ್ನು ಬುಡಕ್ಕೆ ಇಳಿಸಿ, ಗೇರಿನ ಕೊಂಡಿಯನ್ನು ಅದರ ಮೇಲೆ ಸಿಕ್ಕಿಸಿದ. ಈಗ ಒಂದು ಬೆರಳಲ್ಲಿ ತಳ್ಳಿದರೂ ಗೇರು ಬೀಳುತ್ತಿತ್ತು. ಗೌಡರು ಹಳ್ಳಿಯ ಅರ್ಧ ಜನರ ಮುಂದೆ ಕಾರು ಹತ್ತಿ, ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟರು. ಕಾರು ಒಮ್ಮೆ ಕೆಮ್ಮಿ ಸತ್ತಿತು. ಮತ್ತೆ ಹಾಕಿದರು, ಮತ್ತೆ ಸತ್ತಿತು. ಸಿಟ್ಟು ಬಂದು ನಾಲ್ಕನೇ ಗೇರಿಗೆ ಎಳೆದರು. ಕಾರು ಸಾಧುವಾಗಿ, ಒಂದನೇ ಗೇರಿನ ನಡಿಗೆಯಲ್ಲಿ ಹೊರಟಿತು. ಎಲ್ಲವೂ ತಿರುಗುಮುರುಗಾಗಿತ್ತು. ಒಂದರ ಜಾಗದಲ್ಲಿ ನಾಲ್ಕು, ಎರಡರ ಜಾಗದಲ್ಲಿ ಮೂರು, ರಿವರ್ಸು ಎಲ್ಲಿದೆ ಎಂದು ಹುಡುಕುವಾಗ ಕಾಳಾಚಾರಿಯ ಇದ್ದಿಲ ಬುಟ್ಟಿ ಚಪ್ಪಟೆಯಾಯಿತು.

ಜನ ಬಾಯಿಗೆ ಟವೆಲ್ಲು ಒತ್ತಿಕೊಂಡು ನಿಂತಿದ್ದರು. ಕಾಳಾಚಾರಿ ಬುಟ್ಟಿಯನ್ನು ಎತ್ತಿ ನೋಡಿ, "ಅಡಕತ್ರಿ ತರ ಮಾಡು ಅಂದ್ರಿ ಗೌಡ್ರೇ, ಮಾಡಿವ್ನಿ. ಓಡ್ದೆ ಓದ್ರೆ ಅಡಕೆನಾದ್ರೂ ಕತ್ತರಿಸ್ಕಬೌದು" ಎಂದ. ಬಿಚ್ಚಿ ಮೊದಲಿನ ಹಾಗೇ ಮಾಡಲೇ ಎಂದೂ ಕೇಳಿದ.

ಗೌಡರು ನನ್ನನ್ನು ಕರೆದು ಎಡಗಡೆ ಕೂರಿಸಿದರು. ಕಾಲು ನೀಡಿದೆ, ಈಗ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಒಂದು, ಎರಡು, ಮೂರು, ನಾಲ್ಕು, ಒಂದೊಂದಾಗಿ ಹಾಕಿ ನೋಡಿದರು. ಮಂಡಿಗೆ ಪದೇ ಪದೇ ಬಡಿಯುತ್ತಿದ್ದ ಎರಡನೇ ಗೇರು ಈಗ ಅವರ ತೊಡೆಯ ಕಡೆಗೇ ಹೋಗಿಬಿಟ್ಟಿತ್ತು. ಯಾವ ಗೇರೂ ನನಗೆ ತಗುಲಲಿಲ್ಲ. ಗೌಡರ ಮುಖದಲ್ಲಿ ಆ ಹೊತ್ತು ಕಂಡ ಗೆಲುವನ್ನು ಆಮೇಲೆ ಅವರ ಮಗಳ ಮದುವೆಯಲ್ಲೂ ನಾನು ಕಾಣಲಿಲ್ಲ. ಇಳಿದು ಬಂದು ಜನರಿಗೆ ಹೇಳಿದರು: "ಬೇಕು ಅಂತ್ಲೇ ಇಂಗ್ ಮಾಡಿಸ್ದೆ ಕಣ್ರಯ್ಯಾ. ಕಳ್ಳ ಕದ್ರೂ ಊರು ದಾಟಕಿಲ್ಲ ಈ ಗಾಡಿ." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದನ್ನು ಕೇಳಿದ್ದೆ. ಇಲ್ಲಿ ಜಟ್ಟಿ ಬೀಳುವುದಕ್ಕೇ ಬಂದಿದ್ದೆ ಅಂದುಬಿಟ್ಟರು.

ತಿರುವುಮುರುವು ಗೇರು ಕೈಗೆ ಹತ್ತಲು ಗೌಡರಿಗೆ ಬಹಳ ದಿನ ಹಿಡಿಯಿತು. ಜಗುಲಿಯ ಮೇಲೆ ಕೂತಾಗಲೂ ಎಡಗೈ ಗಾಳಿಯಲ್ಲಿ ಗೇರು ಹಾಕುತ್ತಿತ್ತು. ಹೊಗೆಸೊಪ್ಪಿನ ವ್ಯಾಪಾರಿಗಳು ಅದನ್ನು ವಾತವೆಂದು ತಿಳಿದು ಎಣ್ಣೆಗಳ ಹೆಸರು ಹೇಳಿಹೋದರು. ಕಡೆಗೆ ಒಂದು ಬೆಳಿಗ್ಗೆ ದೇವೀರಮ್ಮನವರಿಗೆ, ಹೊರಡು, ಮುಂದುಗಡೆ ಕೂತ್ಕೊ ಎಂದರು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂತೆ ಬೀದಿಯಲ್ಲಿ ಹೊರಟದ್ದಕ್ಕೆ ಊರು ಕಣ್ಣು ಬಿಟ್ಟಿತು. ಮುಂದುಗಡೆ ತೂಕ ಇಲ್ಲದಿದ್ದರೆ ಗಿಡ್ಡ ಗೇರು ಕೆಲಸ ಮಾಡುವುದಿಲ್ಲ ಎಂದು ಗೌಡರು ಕಿಟಕಿಯಿಂದಲೇ ಸಾರಿದರು. ಕಡಿಮೆ ತೂಕದ ನನ್ನನ್ನು ಹಿಂದಿನ ಸೀಟಿಗೆ ದಬ್ಬಿಯಾಗಿತ್ತು.

ವಾಂತಿ ಬರಲಿಲ್ಲ. ರಾಡು ತಗುಲಲಿಲ್ಲ. ದೇವೀರಮ್ಮನವರು ದಾರಿಯುದ್ದಕ್ಕೂ ಗುಲಾಬಿಯ ಗುಂಡನ್ನೂ ಅದರ ಮೇಲಿದ್ದ ಗೌಡರ ದಪ್ಪ ಕೈಯನ್ನೂ ನೋಡುತ್ತ ಕೂತಿದ್ದರು. ತವರಿನಲ್ಲಿ ಅವರ ತಾಯಿ ಚಾಪೆಯ ಮೇಲೆ ಎದ್ದು ಕೂರಲಾರದೆ ಮಗಳ ಮುಖವನ್ನು ಕೈಯಿಂದ ತಡವಿ ತಡವಿ ನೋಡಿದರು. ಈ ಕಾಲಿಟ್ಟುಕೊಂಡು ಹೇಗೆ ಬಂದೆ ಎಂದು ಅತ್ತರು. "ಮುಂದ್ಗಡೆ ಕುಂತ್ಕಂಡು ಬಂದೆ ಕಣವ್ವಾ" ಎಂದರು ದೇವೀರಮ್ಮ. ಗೌಡರು ಟೈರಿಗೆ ಗಾಳಿ ಕಡಿಮೆಯಾಗಿದೆ ಎಂದು ಎದ್ದು ಹೋದವರು, ಅವ್ವ ಮಗಳು ಅತ್ತು ಮುಗಿಸುವವರೆಗೆ ಟೈರುಗಳನ್ನು ಒದೆಯುತ್ತಲೇ ಇದ್ದರು. ಅಲ್ಲಿಂದಾಚೆ ತಾಯಿ ಇರುವವರೆಗೂ ಅವರು ಹೋಗಿ ಬರುತ್ತಿದ್ದರು. ಹೆಂಡತಿಗಾಗಿ ಮಾಡಿಸಿದೆ ಎಂದು ಗೌಡರು ಹೇಳಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಗೂ ಗೊತ್ತಿದ್ದ ಈ ಸಂಗತಿ ದೇವೀರಮ್ಮನವರಿಗೆ ಮಾತ್ರ ತಿಳಿಯದೇನೋ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೇಳಿದರೆ ಅವರು, ಅದೇನೋ ಸ್ಪೀಡಂತೆ, ನಂಗೇನ್ ಗೊತ್ತು ಅನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಗೌಡರಿಗೆ ಕಣ್ಣಿಗೆ ಪೊರೆ ಬಂತು. ಕೆ.ಆರ್. ನಗರದ ದಾರಿಯಲ್ಲಿ ಹುಲ್ಲಿನ ಗಾಡಿಯೊಂದರೊಳಗೆ ಕಾರು ನುಗ್ಗಿಸಿದರು. ಗಾಡಿಯವನೇ ಹಾರನ್ ಹೊಡೆಯಬೇಕಿತ್ತು ಎಂದು ವಾದಿಸಿದರು. ಆಪರೇಶನ್ ಆಗಿ ದಪ್ಪ ಕನ್ನಡಕ ಬಂದ ಮೇಲೆ ರಸ್ತೆಯ ಅಂಚು ಬಾಗಿ ಕಾಣುತ್ತಿತ್ತಂತೆ. ಡ್ರೈವರನ್ನು ಇಟ್ಟುಕೊಳ್ಳದೆ ಗತಿಯಿರಲಿಲ್ಲ. ಅಣೆಕಟ್ಟಿನ ಲಾರಿ ಓಡಿಸಿ ಪಳಗಿದವನೊಬ್ಬ ಬಂದ. ಒಂದನೇ ಗೇರೆಂದು ನಾಲ್ಕು ಹಾಕಿ, ಮೂರೆಂದು ಎರಡು ಹಾಕಿ, ಹೋಟೆಲಿನ ಮುಂದಿನ ಬೆಂಚನ್ನು ಮುರಿದು, ಈ ಗಾಡಿಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಕೈಮುಗಿದು ಹೋದ. ಪಿರಿಯಾಪಟ್ಟಣದ ಇನ್ನೊಬ್ಬ ಎರಡು ದಿನ ಮನೆ ಮುಂದೆ ಹಿಂದೆ ಮುಂದೆ ಓಡಿಸಿ, ತಿಂಡಿ ತಿಂದು ಬರುತ್ತೇನೆಂದು ಹೋದವನು ಇನ್ನೂ ತಿನ್ನುತ್ತಿದ್ದಾನೆ. ರಾಡನ್ನು ಮೊದಲಿನ ಹಾಗೆ ಮಾಡಿಸಿ ಎಂದು ನಾವೆಲ್ಲ ಬುದ್ಧಿ ಹೇಳಿದೆವು. ಉದ್ದ ರಾಡಿನ ಮಾತು ಬಂದ ಕೂಡಲೇ ಗೌಡರು ಕಳ್ಳರ ಮಾತು ತೆಗೆಯುತ್ತಿದ್ದರು. ಕಾರು ಶೆಡ್ಡಿನಲ್ಲಿ ನಿಂತಿತು. ಕೋಟೆಯ ಕಡೆಯಿಂದ ತಾಯಿಗೆ ಚೆನ್ನಾಗಿಲ್ಲವೆಂದು ಹೇಳಿಕೆ ಬಂತು.

ಅವತ್ತು ದೇವೀರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು, ಬಲಗಡೆ ಬಾಗಿಲು ತೆಗೆದು ಕೂತರು. "ಬೀಗದ ಕೈ ಕೊಡಿ" ಎಂದರು ಗಂಡನಿಗೆ. ಗೌಡರು ಬಾಯಿ ತೆರೆದರು. ಯಾವ ಕಾರಣವೂ ಹೊರಡಲಿಲ್ಲ. ಬೀಗದ ಕೈ ಕೊಟ್ಟರು.

ಮಡಚದ ಕಾಲು ಆ ಪುಟ್ಟ ಕಾರಿನ ಪೆಡಲುಗಳ ಮೇಲೆ ಹೇಳಿ ಮಾಡಿಸಿದ ಹಾಗೆ ನೆಟ್ಟಗೆ ಕೂತಿತು. ಗೇರಂತೂ ಅವರಿಗೆ ತಿರುಗುಮುರುಗೇ ಅಲ್ಲ, ಬೇರೆ ಗೇರನ್ನು ಅವರು ಕಂಡಿದ್ದರೆ ತಾನೇ? ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದು ಅದೊಂದನ್ನೇ. ಮೊದಲ ದಿನ ಬ್ಯಾರನ್ನಿನ ಹಿಂದಿನ ಬಯಲಿನಲ್ಲಿ ಓಡಿಸಿದರು, ಕೆಲವು ದಿನಕ್ಕೆ ಊರೊಳಗೆ. ಲೈಸೆನ್ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಒಂದನೇ ಗೇರು ಹಾಕಿ ಎಂದರು. ಇವರು ಹಾಕಿದರು. ಅದು ನಾಲ್ಕು ಎಂದು ಆತ ಹೇಳುವಷ್ಟರಲ್ಲಿ ಕಾರು ಹೊರಟಿತ್ತು. ಆತ ರಾಡನ್ನೊಮ್ಮೆ, ಈ ಹೆಂಗಸನ್ನೊಮ್ಮೆ 
ನೋಡಿ, ಸಹಿ ಮಾಡಿದರಂತೆ.

ತಾಯಿಯ ಕೊನೆಯ ದಿನಗಳಲ್ಲಿ ದೇವೀರಮ್ಮನವರು ತಾವೇ ಓಡಿಸಿಕೊಂಡು ಹೋಗಿ ಪಕ್ಕದಲ್ಲಿದ್ದರು. ಎಡಗಡೆಯ ಸೀಟಿಗೆ ಗೌಡರು ಬಂದರು. ಬಂದವರು ಸುಮ್ಮನೆ ಬಂದಾರೆಯೇ? ಡ್ರೈವರ್ ಇಟ್ಟುಕೊಂಡಿದ್ದೇನೆ, ಮಾಲೀಕರು ಎಡಗಡೆಯೇ ಕೂರಬೇಕು ಎಂದು ಊರಿಗೆಲ್ಲ ಹೇಳಿದರು. ಡ್ರೈವರು ಕೇಳಿಸಿಕೊಂಡು ಗೇರು ಹಾಕುತ್ತಿದ್ದರು.

ನಾನು ಗೌಡರನ್ನು ಕೊನೆಯ ಸಲ ನೋಡಿದ್ದು ಕೋಟೆಯಲ್ಲಿ. ನನಗೆ ಅಲ್ಲಿಯ ಅಂಚೆ ಕಚೇರಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ಕಾರು ಬಂದು ಕಚೇರಿಯ ಮುಂದೆ ನಿಂತಿತು. ದೇವೀರಮ್ಮನವರು ಎದುರು ಅಂಗಡಿಯಲ್ಲಿ ಬಾಳೆಹಣ್ಣು ನೋಡುತ್ತಿದ್ದರು. ಗೌಡರ ಮೈ ಇಳಿದುಹೋಗಿತ್ತು, ಸೀಟಿನಲ್ಲಿ ಈಗ ಬೇಕಾದಷ್ಟು ಜಾಗ ಉಳಿಯುತ್ತಿತ್ತು. ಎಡಗೈ ಮಾತ್ರ ತೊಡೆಯ ಮೇಲೆ ತನ್ನಷ್ಟಕ್ಕೆ ಗೇರು ಹಾಕುತ್ತಲೇ ಇತ್ತು. ನಾನು ಕಿಟಕಿಯ ಹತ್ತಿರ ಬಗ್ಗಿ, ಈಗಲಾದರೂ ನಿಜ ಹೇಳಿ ಗೌಡರೇ, ಸ್ಪೀಡಿಗೇ ಮಾಡಿಸಿದ್ದಾ ಎಂದು ಕೇಳಿದೆ. ಗೌಡರು ದಪ್ಪ ಕನ್ನಡಕವನ್ನು ಬಾಳೆಹಣ್ಣಿನ ಅಂಗಡಿಯ ಕಡೆ ತಿರುಗಿಸಿ, ಹೆಂಡತಿಗೆ ಕೇಳಿಸಲಿಲ್ಲವೆಂದು ಖಾತ್ರಿ ಮಾಡಿಕೊಂಡು, "ಇನ್ಯಾತಕ್ಕೆ?" ಎಂದರು.

ಗೌಡರು ತೀರಿಹೋದ ಸುದ್ದಿಯ ತಂತಿಯನ್ನು ನಾನೇ ಬರೆದುಕೊಂಡೆ, ನನ್ನ ಹೆಸರಿಗೇ ಬಂದದ್ದು. ಹುಣಸೂರಿಗೆ ಹೋದೆ. ಕರ್ಮಾಂತರವೆಲ್ಲ ಮುಗಿದ ಮೇಲೆ, ತವರಿನಲ್ಲಿ ತಮ್ಮನ ಮನೆಗೆ ಹೊರಟಿದ್ದ ದೇವೀರಮ್ಮನವರು ಕೋಟೆಯವರೆಗೆ ನನ್ನನ್ನೂ ಬಾ ಎಂದರು. ಎಡಗಡೆಯ ಸೀಟಿನ ಮೇಲೆ ಗೌಡರ ಟವೆಲ್ಲು ಮಡಿಸಿದ್ದು ಹಾಗೇ ಇತ್ತು. ನಾನು ಯಾರೂ ಹೇಳದೆಯೇ ಹಿಂದಕ್ಕೆ ಹತ್ತಿ ಕೂತೆ. ಅಣೆಕಟ್ಟು ಮುಗಿದಿತ್ತು, ರಸ್ತೆ ಮಾತ್ರ ಹಳೆಯದೇ. ಅವರ ಪಾಡಿಗೆ ಅವರು ಓಡಿಸುತ್ತಿದ್ದರು. ತಿರುವುಗಳು ಬಂದವು, ಧೂಳು ಬಂತು, ಹೊಟ್ಟೆಯೊಳಗಿಂದ ಏನೋ ಮೇಲಕ್ಕೆ ಬಂತು. ಘನಗಂಭೀರವಾಗಿ ದುಃಖಪಡಬೇಕೆಂದು ಹೊರಟವನು ಬೆವರುತ್ತ ಕಿಟಕಿಗೆ ಮುಖ ಕೊಟ್ಟು ಕೂತೆ.

ದೇವೀರಮ್ಮನವರು ಕನ್ನಡಿಯಲ್ಲಿ ನೋಡಿರಬೇಕು. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಮುಂದಿನ ಗೂಡಿನಿಂದ ಒಂದು ನಿಂಬೆಹಣ್ಣು ತೆಗೆದುಕೊಟ್ಟರು. ಅದು ಅಲ್ಲಿ ಯಾವಾಗಲೂ ಇರುತ್ತಿತ್ತು. ಗೌಡರು ಇಡುತ್ತಿದ್ದರು. ಆಮೇಲೆ ಎಡಗಡೆಯ ಸೀಟಿನ ಟವೆಲ್ಲನ್ನು ಎತ್ತಿ, ಒದರಿ, ತಮ್ಮ ಹೆಗಲ ಮೇಲೆ ಹಾಕಿಕೊಂಡರು. ಮುಂದಕ್ಕೆ ಬಾ ಎಂದರು. ನಾನು ಹಿಂದೇಟು ಹಾಕಿದೆ. ಅದು ಗೌಡರ ಜಾಗ, ಬೇಡ ಎಂದೆ.

"ಕುಂತ್ಕೊ ತಮ್ಮಯ್ಯ, ಕಾಲು ನೀಡ್ಕಂಡೇ ಕುಂತ್ಕೊ" ಎಂದರು. "ಮಂಡಿಗೆ ತಗುಲಾಕಿಲ್ಲ. ಅದ್ಕೇ ಅಲ್ವಾ ಅವ್ರು ಇದ ಗಿಡ್ಡ ಮಾಡಿಸಿದ್ದು."